ಕೇಳದೆ ಬಿಟ್ಟ ಹೆಸರು

ಮೊದಲ ದಿನ ಮೋಲಾ ನನ್ನನ್ನು "ಯಶೋಲಾ" ಎಂದು ಕರೆದಾಗ ಮೈಯೆಲ್ಲ ಉರಿದುಹೋಯಿತು. ನಮ್ಮ ಕಡೆ 'ಲಾ' ಅನ್ನುವುದು ಗಂಡು ಹುಡುಗರು ತಮ್ಮತಮ್ಮೊಳಗೆ, ಮರ್ಯಾದೆಯಿಲ್ಲದೆ. ಎಂಬತ್ತನಾಲ್ಕು ವರ್ಷದ ಮುದುಕಿ ಅಂತ ಸಿಟ್ಟು ನುಂಗಿಕೊಂಡೆ. ಅವರ ಮೊಮ್ಮಗಳು ಡೋಲ್ಕರ್ ನನ್ನ ಮುಖ ನೋಡಿ ನಕ್ಕಳು. "ಅಯ್ಯೋ ಅಕ್ಕ, ಅದು ಮರ್ಯಾದೆ! ನಮ್ಮಲ್ಲಿ 'ಲಾ' ಅಂದ್ರೆ ನಿಮ್ಮ 'ಅವರೇ' ಇದ್ದಂಗೆ. ಮೋಲಾ ಅಂದ್ರೂ ಅಜ್ಜಿಯವರೇ ಅಂತಾನೇ ಅರ್ಥ." ಹೀಗೆ ನನ್ನ ಟಿಬೆಟನ್ ಪಾಠ ಸಿಟ್ಟಿನಿಂದಲೇ ಶುರುವಾಯಿತು.

ನಾನು ಯಶೋಧರಾ. ಪಕ್ಕದೂರು ಕೊಪ್ಪದಿಂದ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿಗೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಬರುತ್ತೇನೆ. ಡೋಲ್ಕರ್ ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ನನಗಿಂತ ಚೆನ್ನಾಗಿ ಬೈಯುತ್ತಾಳೆ. ಅವಳಿಗೆ ಕುಶಾಲನಗರದ ಬಟ್ಟೆ ಅಂಗಡಿಯಲ್ಲಿ ಕೆಲಸ. ಮೋಲಾ ಮಾತ್ರ ಬದುಕೆಲ್ಲ ನೇಪಾಳದಲ್ಲಿ ಕಳೆದು, ಹೋದ ವರ್ಷ ಇಲ್ಲಿಗೆ ಬಂದವರು. ಕನ್ನಡದ ಒಂದು ಮಾತೂ ಬಾರದು. ಅವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ, ನಡುವೆ ಒಂದು ಭಾಷೆಯೂ ಇಲ್ಲ.

ನನಗೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ ಅಭ್ಯಾಸವಿಲ್ಲ. ಒಂದೊಂದೇ ವಸ್ತು ಮುಟ್ಟಿ ಹುಬ್ಬು ಹಾರಿಸುತ್ತಿದ್ದೆ, ಮೋಲಾ ಹೆಸರು ಹೇಳುತ್ತಿದ್ದರು. ನೀರು ಛು, ಉಪ್ಪು ತ್ಸಾ, ಆಲೂಗಡ್ಡೆ ಶೊಗೊ, ಔಷಧಿ ಮೆನ್. ಹರಿದ ಕ್ಯಾಲೆಂಡರಿನ ಹಿಂದೆ ಕನ್ನಡದಲ್ಲಿ ಬರೆದುಕೊಂಡು, ಚೀಟಿ ಹರಿದು ಡಬ್ಬಗಳಿಗೆಲ್ಲ ಅಂಟಿಸಿದೆ. ಆರು ತಿಂಗಳಿಗೆ ಮುನ್ನೂರು ಪದ! ಕ್ಯಾಂಪಿನ ಅಂಗಡಿಯಲ್ಲಿ ಟಿಬೆಟನ್‌ನಲ್ಲೇ ಆಲೂಗಡ್ಡೆ ಕೇಳಿ, ಪಕ್ಕದಲ್ಲಿ ನಿಂತ ನಮ್ಮೂರಿನ ವಿಮಲಮ್ಮ ಬಾಯಿ ಬಿಟ್ಟು ನೋಡುವಂತೆ ಮಾಡಿದ್ದೆ. ಜಂಬ ಬಾರದೆ ಇರುತ್ತದೆಯೇ?

ಆ ಶುಕ್ರವಾರ ಮಠದಲ್ಲಿ ದೊಡ್ಡ ಪೂಜೆ. ಅಕ್ಕಪಕ್ಕದ ಮನೆಗಳಿಗೆಲ್ಲ ಬೀಗ. ಸಂಜೆ ನಾಲ್ಕೂವರೆಗೆ, ಮೋಲಾರ ಸ್ನಾನಕ್ಕೆ ನೀರು ಕಾಯಿಸಲು ಹಿತ್ತಿಲಿಂದ ಸೌದೆ ತರೋಣವೆಂದು ನಾನು ಬುಟ್ಟಿ ಎತ್ತಿಕೊಂಡಿದ್ದೆ. ಅಷ್ಟರಲ್ಲಿ ಮೋಲಾ ಹಿತ್ತಿಲಿಂದ ಓಡಿಬಂದರು. ಊರುಗೋಲಿಲ್ಲ, ಚಪ್ಪಲಿಯಿಲ್ಲ. ಬಲಗಾಲಿನ ಹಿಮ್ಮಡಿಯ ಮೇಲೆ ಅಕ್ಕಪಕ್ಕ ಎರಡು ರಕ್ತದ ಚುಕ್ಕೆ. ನನ್ನ ತೋಳು ಹಿಡಿದು "ಡ್ರೂ! ಡ್ರೂ!" ಎಂದು ಕಿರುಚಿದರು.

"ನಗಿದು?" ಅಂದೆ, ನೋಯುತ್ತಿದೆಯಾ ಅಂತ. ಅವರು ಅದನ್ನು ಕೈಯಲ್ಲೇ ತಳ್ಳಿಹಾಕಿ ಮತ್ತೆ "ಡ್ರೂ" ಅಂದರು.

ನನ್ನ ಮುನ್ನೂರರಲ್ಲಿ ಆ ಪದವಿರಲಿಲ್ಲ. ಡೋಲ್ಕರ್ ಫೋನ್ ಎತ್ತಲಿಲ್ಲ. ಮುಳ್ಳಲ್ಲ, ನಾಯಿಯಲ್ಲ, ಜೇನಲ್ಲ, ಅವುಗಳ ಟಿಬೆಟನ್ ಹೆಸರೆಲ್ಲ ನನಗೆ ಗೊತ್ತು. ಹಾಗಾದರೆ ಏನು? ಎರಡು ಚುಕ್ಕೆ ಮತ್ತೊಮ್ಮೆ ನೋಡಿದೆ. ಬಲಗೈಯನ್ನು ಹೆಡೆಯ ಹಾಗೆ ಎತ್ತಿ ತೋರಿಸಿದೆ. ಮೋಲಾ ಹೌದೆಂದು ಜೋರಾಗಿ ತಲೆಯಾಡಿಸಿದರು.

ಆ ಹೆಸರು ನನಗೆ ಗೊತ್ತಿಲ್ಲದ್ದು ನನ್ನದೇ ತಪ್ಪು. ನಮ್ಮತ್ತೆ ಮಾಯಮ್ಮನ ಮನೆಯಲ್ಲಿ ಅದರ ಹೆಸರು ಯಾರೂ ಎತ್ತುವುದಿಲ್ಲ. ಕರೆದರೆ ಬರುತ್ತದೆ ಅಂತ. 'ಹುಳ' ಅನ್ನಬೇಕು, ಕಚ್ಚಿದರೆ 'ಮುಟ್ಟಿತು' ಅನ್ನಬೇಕು. ಒಮ್ಮೆ ಟಿವಿಯಲ್ಲಿ ಅದು ಬಂದಾಗ ಮೋಲಾ ಬೆರಳು ತೋರಿಸಿ ಏನೋ ಹೇಳಹೊರಟಿದ್ದರು. ನಾನು ಎರಡೂ ಕಿವಿ ಮುಚ್ಚಿಕೊಂಡು ಚಾನೆಲ್ ಬದಲಿಸಿಬಿಟ್ಟೆ. ಉಪ್ಪು ಕಲಿತೆ, ಆಲೂಗಡ್ಡೆ ಕಲಿತೆ, ಇದನ್ನು ಮಾತ್ರ ಬೇಕೆಂದೇ ಬಿಟ್ಟೆ.

ಆಟೋ ಸಣ್ಣಯ್ಯಣ್ಣನಿಗೆ ಫೋನ್ ಮಾಡಿದೆ, ಎರಡು ನಿಮಿಷಕ್ಕೆ ಬಂದ. "ಏನಾಯ್ತವ್ವ?"

"ಅಜ್ಜಿಗೆ ಉಳ ಮುಟ್ಟದೆ ಕಣಣ್ಣ, ಬೇಗ ಓಡ್ಸು!"

"ನೋಡುದ್ಯಾ, ಯಾವ್ದು ಅಂತ?"

"ಇಲ್ಲ ಕಣಣ್ಣ, ನಾ ನೋಡ್ನಿಲ್ಲ."

"ಕಾಲು ಅಲ್ಲಾಡುಸ್ಬ್ಯಾಡಿ ಅನ್ನವ್ವ ಅವರ್ಗೆ!"

ಅದನ್ನು ಹೇಗೆ ಹೇಳಬೇಕೆಂದೂ ನನಗೆ ಗೊತ್ತಿರಲಿಲ್ಲ. ಮೋಲಾರ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಗಟ್ಟಿಯಾಗಿ ಹಿಡಿದೆ. ಅವರು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದವರು ದಾರಿಯುದ್ದಕ್ಕೂ ಬಿಡಲಿಲ್ಲ, ಬೈಯುವ ಹಾಗೆ ಏನೇನೋ ಹೇಳುತ್ತಲೇ ಇದ್ದರು. ಭಯಕ್ಕೆ ಹೀಗಾಡುತ್ತಿದ್ದಾರೆ ಎಂದುಕೊಂಡು ಕಣ್ಣೀರು ಹಾಕಿದೆ. ಈ ಜೀವಕ್ಕೆ ಏನಾದರೂ ಆದರೆ ಡೋಲ್ಕರ್‌ಗೆ ಯಾವ ಮುಖ ತೋರಿಸಲಿ?

ಆಸ್ಪತ್ರೆಯಲ್ಲಿ ಟಿಬೆಟನ್ ನರ್ಸ್ ಒಬ್ಬರಿದ್ದರು. ಮೋಲಾ ಅವರೆದುರು ಎರಡೂ ಕೈ ಆಡಿಸುತ್ತ, ನಡುನಡುವೆ ನನ್ನತ್ತ ಬೆರಳು ಮಾಡುತ್ತ ಉದ್ದಕ್ಕೆ ಹೇಳಿದರು. ಕೇಳುತ್ತ ಕೇಳುತ್ತ ನರ್ಸ್ ನಕ್ಕೇಬಿಟ್ಟರು. ನನಗೆ ರೇಗಿಹೋಯಿತು.

"ನಗೋ ಹೊತ್ತೇನ್ರೀ ಇದು?"

"ಅಮ್ಮ, ಇವರಿಗೆ ಹಾವು ಕಚ್ಚಿಲ್ಲ. ಸೌದೆ ಮೇಲೆ ಮಲಗಿತ್ತಂತೆ, ದೂರದಿಂದ ನೋಡಿದ್ರಂತೆ. ದಿನಾ ಇದೇ ಹೊತ್ತಿಗೆ ನೀವು ಸೌದೆಗೆ ಕೈ ಹಾಕ್ತೀರಂತೆ ಅಲ್ವಾ? ನಿಮ್ಮನ್ನ ತಡೆಯೋಕೆ ಓಡಿಬಂದಿದ್ದಾರೆ. ಬರುವಾಗ ಬೇಲಿಯ ಮುಳ್ಳುತಂತಿ ಕಾಲಿಗೆ ತಗಲಿದೆ. 'ಹೋಗಬೇಡ, ಹೋಗಬೇಡ ಅಂತ ಬಡ್ಕೊಂಡ್ರೆ ನನ್ನನ್ನೇ ಎತ್ತಿ ಆಟೋಗೆ ಹಾಕಿದಳು' ಅಂತಿದ್ದಾರೆ."

ಡಾಕ್ಟರು ಆದರೂ ಬಿಡಲಿಲ್ಲ. ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ರಕ್ತ ಪರೀಕ್ಷೆ ಮಾಡಿಸಿ, ಒಂದು ಗಂಟೆ ಕೂರಿಸಿ "ತಂತಿಯ ಗೀರೇ, ಮನೆಗೆ ಹೋಗಿ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಬೆಂಚಿನ ಮೇಲೆ ಕುಸಿದು, ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಮೋಲಾ ಆಗಲೂ ನನ್ನ ಸೆರಗು ಹಿಡಿದೇ ಇದ್ದರು. ತಂತಿ ಚುಚ್ಚಿದ ಕಾಲಿನ ಕಡೆಗೆ ಅವರೊಮ್ಮೆಯೂ ನೋಡಿಕೊಂಡಿರಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಡೋಲ್ಕರ್ ಬಾಗಿಲಲ್ಲಿ ನಿಂತಿದ್ದಳು. ಟಿವಿಯ ವಿಷಯವನ್ನೂ ಮುಚ್ಚಿಡದೆ ಎಲ್ಲ ಹೇಳಿದೆ. "ಹೋಗ್ಲಿ ಬಿಡಕ್ಕ, ಇಬ್ರೂ ಚೆನ್ನಾಗಿದ್ದೀರಲ್ಲ" ಎಂದು ನನ್ನನ್ನು ತಬ್ಬಿಕೊಂಡಳು. ಹಾವು ಹಿಡಿಯುವವನಿಗೆ ಫೋನ್ ಮಾಡಿ, ಅವನು ಬರುವವರೆಗೆ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದಳು.

ಮೋಲಾ ಮಂಚದ ಮೇಲೆ ಕುಳಿತು ನನ್ನನ್ನು ಕರೆದರು. ಚಿಲಕ ಹಾಕಿದ ಬಾಗಿಲ ಕಡೆ ತೋರಿಸಿ, ಕೈಯನ್ನು ಹೆಡೆಯಂತೆ ಎತ್ತಿ, "ಕನ್ನಡ?" ಎಂದು ಕೇಳಿದರು.

ದೀಪ ಹಚ್ಚುವ ಹೊತ್ತು. ಅತ್ತೆ ಇದ್ದಿದ್ದರೆ ನನ್ನ ಬಾಯಿಯ ಮೇಲೆ ಹೊಡೆಯುತ್ತಿದ್ದರು.

"ಹಾವು," ಅಂದೆ.

"ಹಾ...ವು," ಎಂದು ಮೋಲಾ ಮೆಲ್ಲಗೆ ಅಂದರು.

"ಅಷ್ಟು ಮೆತ್ತಗಲ್ಲ ಮೋಲಾ, ನಾನು ಹಿತ್ತಿಲಲ್ಲಿದ್ದರೂ ಕೇಳಿಸಬೇಕು. ಹಾವು!" ಎಂದು ನಾನೇ ಕೂಗಿ ತೋರಿಸಿದೆ.

ಮೋಲಾ ಎದೆ ತುಂಬ ಉಸಿರೆಳೆದುಕೊಂಡು, ಡೋಲ್ಕರ್ ಬೆಚ್ಚಿ ಓಡಿಬರುವಷ್ಟು ಜೋರಾಗಿ ಕೂಗಿದರು.