ಇಲ್ಲದ ಮಹಡಿಯ ಕಂದಾಯ

“ನಮ್ಮನೇಲಿ ಮಹಡಿ ಎಲ್ಲಿದೆ ಅಂತ ನೀವೇ ಬಂದು ತೋರಿಸಿ,” ಎಂದು ಮೇಸ್ತ್ರಿಯ ಹೆಂಡತಿ ಪುರಸಭೆಯ ಗುಮಾಸ್ತನ ಮೇಜಿಗೆ ಅಂಗೈ ಬಡಿದಳು. ಅವನ ಚಹಾ ಲೋಟ ಕುಣಿಯಿತು. ಗುಮಾಸ್ತ ಲೋಟವನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಇಂಥವರನ್ನು ದಿನಾ ನೋಡುವವನು.

ಅವಳ ಹಿಂದೆ, ಗೋಡೆಗೆ ಒತ್ತಿದ ಬೆಂಚಿನ ಮೇಲೆ ಮೇಸ್ತ್ರಿ ಕೂತಿದ್ದ. ಮನೆಯಿಂದ ಇಲ್ಲಿಯತನಕ ಬಾಯಿಗೆ ಬೀಗ ಹಾಕಿಕೊಂಡೇ ಬಂದಿದ್ದ. ಇವನ ಸ್ವಭಾವವೇ ಹೀಗೆ, ಜಗಳಕ್ಕೆ ನಾನು, ಮರ್ಯಾದೆಗೆ ಇವನು ಎಂದು ಅವಳು ದಾರಿಯುದ್ದಕ್ಕೂ ಗೊಣಗಿದ್ದಳು. ಮನೆ ಕಂದಾಯ ಒಂದೇ ಏಟಿಗೆ ಮೂರು ಪಟ್ಟಾಗಿತ್ತು. ತಿಂಗಳೊಳಗೆ ಕಟ್ಟದಿದ್ದರೆ ನಲ್ಲಿ ಕಿತ್ತುಹಾಕುತ್ತಾರಂತೆ. ಲಾಡ್ಜಿನ ಹಾಸಿಗೆ ಬಟ್ಟೆ ಒಗೆದುಕೊಟ್ಟು ಮನೆ ನಡೆಸುವವಳ ನಲ್ಲಿ ಕಿತ್ತರೆ ಅವಳು ಮಾಡುವುದೇನು? ಮೇಸ್ತ್ರಿಗೆ ಗಾರೆಯ ದೂಳು ಎದೆಗಿಳಿದು ಕೆಲಸ ಕಡಿಮೆಯಾಗಿ ಎಷ್ಟೋ ಕಾಲವಾಗಿತ್ತು. ಒಲೆ ಉರಿಯುತ್ತಿದ್ದುದೇ ಆ ನಲ್ಲಿಯಿಂದ.

“ಕೂತ್ಕೊಳ್ಳಿ ಅಮ್ಮ,” ಎಂದ ಗುಮಾಸ್ತ. “ಕಂದಾಯ ಅಂದ್ರೆ ಇಷ್ಟೇ. ಜಾಗ ಎಷ್ಟು, ಕಟ್ಟಡ ಎಷ್ಟು, ಮೇಲೆ ತಗಡೋ ತಾರಸಿಯೋ, ಒಂದಂತಸ್ತೋ ಎರಡೋ. ಇದನ್ನೆಲ್ಲ ಲೆಕ್ಕ ಹಾಕಿದ್ರೆ ಏನು ಬರುತ್ತೋ ಅದು. ನಾನೇನು ನನ್ನ ಜೇಬಿಗೆ ಹಾಕ್ಕೊಳ್ಳಲ್ಲ.”

“ನಮ್ದು ತಗಡು. ಎರಡು ಕೋಣೆ. ಮಳೆ ಬಂದ್ರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಲ್ಲ.”

“ರಸ್ತೆಯಿಂದ ನೋಡಿದ್ರೆ ಹಾಗಿಲ್ವಲ್ಲ.”

ಅದೂ ನಿಜವೇ. ರಸ್ತೆಯಿಂದ ನೋಡಿದರೆ ಊರಿನಲ್ಲಿ ಅಂಥ ಇನ್ನೊಂದು ಮನೆಯಿರಲಿಲ್ಲ. ಮೇಸ್ತ್ರಿ ತನ್ನ ಮನೆಯ ಮುಂಗೋಡೆಯನ್ನು ಗಿರಾಕಿಗಳಿಗೆ ತೋರಿಸಲೆಂದೇ ಕಟ್ಟಿದ್ದ. ಬಾಗಿಲ ಎಡಕ್ಕೆ ಕೆತ್ತಿದ ಕಲ್ಲು, ಬಲಕ್ಕೆ ನಯಗಾರೆ, ಎರಡು ಕಡೆ ಎರಡು ಬಗೆಯ ಕಂಬ, ಅದರ ಮೇಲೆ ಮತ್ತೊಂದಾಳು ಎತ್ತರಕ್ಕೆ ಗೋಡೆ ಎಬ್ಬಿಸಿ ಹಸಿರು ಬಣ್ಣದ ಎರಡು ಕಿಟಕಿ. ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಸಿಗುವುದು ಬರೀ ಅಂಗಳ, ಬಟ್ಟೆ ಒಗೆಯುವ ಕಲ್ಲು, ನಲ್ಲಿ, ತಲೆಯ ಮೇಲೆ ಆಕಾಶ. ತಗಡಿನ ಕೋಣೆಗಳು ಅದರಾಚೆ, ನಾಚಿಕೊಂಡು ಕೂತಂತೆ. ನೆರೆಹೊರೆಯವರು ಮನೆಗೆ ಅರಮನೆ ಎಂದೇ ಹೆಸರಿಟ್ಟಿದ್ದರು.

“ಒಳಗೆ ಬಂದು ನೋಡಿದ್ರಾ ನೀವು?” ಎಂದು ಅವಳು ಕೇಳಿದಳು.

“ಹೊರಗಿಂದ ಅಳೀತೀವಿ. ಒಳಗಿನದ್ದು ಯಜಮಾನರನ್ನ ಕೇಳಿ ಬರ್ಕೊಳ್ತೀವಿ.”

“ಯಾವ ಯಜಮಾನನ್ನ ಕೇಳಿದ್ರಿ?”

ಗುಮಾಸ್ತ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡು ಬೆಂಚಿನ ಕಡೆ ನೋಡಿದ. “ಮೇಸ್ತ್ರಿ, ನೀವೇ ಹೇಳಿಬಿಡಿ.”

ಮೇಸ್ತ್ರಿ ಕೆಮ್ಮಿದ. ಆ ಕೆಮ್ಮು ಎದೆಯದಲ್ಲ ಎಂದು ಅವಳಿಗೆ ತಕ್ಷಣ ಗೊತ್ತಾಯಿತು.

“ಅವತ್ತು ಗಿರಣಿ ಧಣಿ ಬಂದಿದ್ರು,” ಎಂದ ಅವನು ನೆಲ ನೋಡುತ್ತ. “ಮಹಡಿ ಮನೆ ಕಟ್ಟಿಸ್ಬೇಕು ಅಂತ. ಕಿಟಕಿ ನೋಡ್ತಾ ನಿಂತಿದ್ರು. ಆಗಲೇ ಈ ಗುಮಾಸ್ತರು ಅಳೆಯೋಕೆ ಬಂದು, ಮೇಲೆ ಎಷ್ಟು ಕೋಣೆ ಅಂದ್ರು. ಧಣಿ ಎದುರಿಗೆ ಏನ್ ಹೇಳೋದು? ಮೂರು ಅಂದೆ.”

“ಗಾಳಿ ಬೆಳಕು ಚೆನ್ನಾಗಿದೆ ಅಂತಲೂ ಅಂದ್ರಿ,” ಎಂದ ಗುಮಾಸ್ತ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಹೊತ್ತು ಯಾರ ಮೇಲೆ ಕೂಗಾಡಿದ್ದು ತಾನು? ಆ ಧಣಿ ಕೆಲಸವನ್ನಾದರೂ ಕೊಟ್ಟನೇ? ಪೇಟೆಯಿಂದ ಯಾರನ್ನೋ ಕರೆಸಿ ಕಟ್ಟಿಸಿಕೊಂಡ. ಇವನ ಬಾಯಲ್ಲಿ ಹುಟ್ಟಿದ ಮೂರು ಕೋಣೆಗೆ ಅವಳು ಇನ್ನು ಸಾಯುವತನಕ ಬಟ್ಟೆ ಒಗೆಯಬೇಕು.

“ಈಗೇನ್ ಮಾಡ್ಬೇಕು?” ಎಂದು ಗುಮಾಸ್ತನನ್ನೇ ಕೇಳಿದಳು. ಗಂಡನ ಮುಖ ನೋಡಲಿಲ್ಲ.

“ಮೂರು ದಿನ ಬಿಟ್ಟು ನಾನು ಬಂದು ನೋಡ್ತೀನಿ. ಆದ್ರೆ ಮೊದಲು ಹೇಳಿದ್ದು ಸುಳ್ಳು ಅಂತ ಯಜಮಾನರು ನೆರೆಯವರ ಎದುರಿಗೆ ಹೇಳ್ಬೇಕು. ಹೇಳದೇ ಇದ್ರೆ ಹಳೇ ಲೆಕ್ಕವೇ ನಿಲ್ಲುತ್ತೆ.”

ಆ ಮೂರು ದಿನ ಅವಳು ಬಟ್ಟೆಯನ್ನು ಕಲ್ಲಿಗೆ ಬಡಿದ ಸದ್ದು ಬೀದಿಗೆಲ್ಲ ಕೇಳಿಸಿತು. ಮೇಸ್ತ್ರಿ ಊಟಕ್ಕೆ ಕೂತರೆ ತಟ್ಟೆ ಕುಕ್ಕಿ ಮತ್ತೆ ಒಗೆಯುವ ಕಲ್ಲಿನ ಕಡೆ ನಡೆಯುತ್ತಿದ್ದಳು. “ಗೋಡೆಯನ್ನೇ ಕೆಡವಿಬಿಡ್ತೀನಿ ಬೇಕಾದ್ರೆ,” ಎಂದ ಅವನು ಒಮ್ಮೆ. “ಕೆಡವಿ. ಅದಕ್ಕೂ ನಾನೇ ಮಣ್ಣು ಹೊರ್ತೀನಿ,” ಎಂದಳು. ಗೋಡೆ ಕೆಡವುತ್ತಾನಂತೆ, ಒಂದು ಮಾತು ಹಿಂದೆ ತಗೋ ಎಂದರೆ ಆಗದವನು.

ಗುಮಾಸ್ತ ಬಂದ ದಿನ ಬೀದಿಯ ಜನ ಕರೆಯದೆಯೇ ಸೇರಿದರು. ಅರಮನೆಯ ತಮಾಷೆ ಯಾರಿಗೆ ಬೇಡ? ಅವನು ಅಂಗಳ ನೋಡಿದ, ತಗಡು ನೋಡಿದ, ನಗು ನುಂಗಿಕೊಂಡು ಮತ್ತೆ ರಸ್ತೆಗೆ ಹೋಗಿ ಜನರ ನಡುವೆ ನಿಂತ. “ಹ್ಞೂಂ, ಮೇಸ್ತ್ರಿ, ಹೇಳಿ.”

ಮೇಸ್ತ್ರಿ ಬಾಗಿಲಲ್ಲಿ ನಿಂತು ಬಾಯಿ ತೆರೆದ. ಎದುರಿಗಿದ್ದವರಲ್ಲಿ ಅರ್ಧ ಜನರ ಮನೆಗೆ ಅವನೇ ಗಾರೆ ಬಳಿದವನು. ಬಾಯಿ ಮುಚ್ಚಿಕೊಂಡು ಒಳಗೆ ಬಂದುಬಿಟ್ಟ.

ಅವಳು ಏಣಿ ಎಳೆದು ತಂದು ಮುಂಗೋಡೆಯ ಒಳಬದಿಗೆ ಒರಗಿಸಿದಳು. “ಹಿಡ್ಕೊಳ್ಳಿ. ಅಷ್ಟಾದ್ರೂ ಮಾಡಿ. ಮೇಲೆ ಏನಿದೆ ಅಂತ ಕಿಟಕಿ ತೆಗೆದು ನಾನೇ ತೋರಿಸ್ತೀನಿ.” ಸೀರೆ ಎತ್ತಿ ಕಟ್ಟಿ ಹತ್ತಿದಳು. ಗೋಡೆ ಎದ್ದಾಗಿನಿಂದ ಆ ಕಿಟಕಿಯವರೆಗೆ ಹೋದವಳಲ್ಲ. ಅದರ ಕೆಳಗೆ ಗೋಡೆಯಿಂದ ಅಂಗಳದ ಕಡೆಗೆ ಚಾಚಿದ್ದ ಕಲ್ಲಿನ ಹಲಗೆ ಕೆಳಗಿನಿಂದ ಬರೀ ಆಧಾರದಂತೆ ಕಾಣುತ್ತಿತ್ತು. ಮೇಲಿನಿಂದ ನೋಡಿದರೆ ಮೇಸ್ತ್ರಿ ಅದಕ್ಕೆ ಕೆಂಪು ಗಾರೆ ಹಾಕಿ, ಕನ್ನಡಿಯಂತೆ ಉಜ್ಜಿ, ಅಂಚನ್ನು ದುಂಡಗೆ ತಿದ್ದಿದ್ದ. ಒಬ್ಬರು ಕಾಲು ಮಡಚಿ ಕೂತು ಬೀದಿ ನೋಡುವಷ್ಟು ಅಗಲ. ಯಾವ ಗಿರಾಕಿಯ ಕಣ್ಣಿಗೂ ಅದು ಬೀಳುವಂತಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಮೇಲೊಂದು ಕೋಣೆ ಕಟ್ಟಿ ನಿನ್ನನ್ನ ಕಿಟಕೀಲಿ ಕೂರಿಸ್ತೀನಿ ಎಂದಿದ್ದ. ಅವಳು ಅದನ್ನು ಮರೆತೇಬಿಟ್ಟಿದ್ದಳು. ಈಗ ಅವಳ ಸಿಟ್ಟು ಇನ್ನಷ್ಟು ಏರಿತು. ಹೇಳಬಾರದಿತ್ತೇ, ಒಂದು ಸಲವಾದರೂ?

ಕಿಟಕಿ ತಳ್ಳಿದಳು. ಕೆಳಗೆ ಬೀದಿಯ ಜನ ಕತ್ತೆತ್ತಿದರು.

“ಮೇಲೆ ಏನೂ ಇಲ್ಲ,” ಎಂಬ ದನಿ ಅವಳ ಕಾಲ ಬುಡದಿಂದ ಬಂತು. “ಮೂರು ಕೋಣೆ ಅಂತ ನಾನು ಸುಳ್ಳು ಹೇಳಿದ್ದೆ.”

“ಕೇಳಿಸ್ಲಿಲ್ಲ,” ಎಂದ ಗುಮಾಸ್ತ ರಸ್ತೆಯಿಂದ.

ಅವಳು ಕೆಳಗೆ ಬಗ್ಗಿ ನೋಡಿದಳು. ಮೇಸ್ತ್ರಿ ಎರಡೂ ಕೈಯಿಂದ ಏಣಿ ಹಿಡಿದು ಮುಖ ಮೇಲೆತ್ತಿದ್ದ.

“ಕೇಳಿಸ್ಲಿಲ್ವಂತೆ,” ಎಂದಳು. “ಗಟ್ಟಿಯಾಗಿ ಹೇಳಿ.”

ಅವನು ಹೇಳಿದ. ಈ ಸಲ ಬೀದಿಯ ಕೊನೆಯವರೆಗೂ ಕೇಳಿಸಿತು. ಗುಮಾಸ್ತ ಬರೆದುಕೊಂಡು ಹೊರಟ, ಜನರೂ ಚದುರಿದರು. “ಇಳಿ ಇನ್ನು,” ಎಂದ ಮೇಸ್ತ್ರಿ. ಅವಳು ಇಳಿಯಲಿಲ್ಲ. ಏಣಿಯಿಂದ ಹಲಗೆಗೆ ಜರುಗಿ, ಕಾಲು ಮಡಚಿ ಕೂತು ಬೀದಿ ನೋಡತೊಡಗಿದಳು. ಕೆಳಗೆ ಅವನು ಏಣಿ ಬಿಡದೆ ನಿಂತೇ ಇದ್ದ.