ಎರೆ ಹೊಲಕ್ಕೆ ಮಡ್‌ಗಾರ್ಡ್

ನನ್ನ ಗಂಡ ಮೆಹತಾಬ್ ಅವರಿಗೆ ಗುಜರಿ ಅಂಗಡಿ ಕಂಡರೆ ಸಾಕು, ಕಾಲು ತಾನಾಗಿ ಆ ಕಡೆ ತಿರುಗುತ್ತದೆ. ಶಹಾಬಾದಿನ ನಮ್ಮ ಅಂಗಳದಲ್ಲಿ ನನ್ನ ಸೀರೆ ಒಣಹಾಕಲು ಜಾಗವಿಲ್ಲ. ಪಲ್ಟಿಯಾದ ಯಾವುದೋ ಗೂಡ್ಸ್ ಆಟೋದ ಇಂಜಿನ್ನಿಗೆ ಮಾತ್ರ ನೆರಳು ಬೇಕು, ಮೇಲೆ ತಾಡಪತ್ರಿ ಬೇಕು. ದಿನವಿಡೀ ಗ್ಯಾರೇಜಿನಲ್ಲಿ ಊರವರ ಗಾಡಿ ಬಿಚ್ಚಿ ಬಂದವರು ಮನೆಯಲ್ಲೂ ಅದನ್ನೇ ಮಾಡಿದರೆ ಯಾವ ಹೆಂಡತಿಗೆ ಸಿಟ್ಟು ಬರುವುದಿಲ್ಲ? ಆದರೆ ಈ ಸಲ ಕಟ್ಟುತ್ತಿದ್ದ ಗಾಡಿ ಯಾರಿಗಾಗಿ ಎಂದು ಗೊತ್ತಿದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಅದು ನನ್ನ ಅತ್ತೆ, ನಾವು ಅಮ್ಮಿ ಎಂದು ಕರೆಯುವ ಸರ್ವರಬೇಗಂ ಅವರಿಗಾಗಿ. ಅಮ್ಮಿ ಎಳೆಗೂಸಾಗಿದ್ದಾಗಲೇ ಅವರ ತಾಯಿ ತೀರಿಕೊಂಡರು. ಆಗಷ್ಟೇ ಹೆತ್ತಿದ್ದ ಅಕ್ಕ ಲಾಲಬಿ ತನ್ನ ಮಗನನ್ನು ಒಂದು ಮಗ್ಗುಲಿಗೆ, ತಂಗಿಯನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಇಬ್ಬರಿಗೂ ಹಾಲು ಕುಡಿಸಿದರಂತೆ. ನಮ್ಮಲ್ಲಿ ಹಾಲಿನ ಋಣ ದೊಡ್ಡದು. ಕುಡಿಸಿದವರು ಕಣ್ಣು ಮುಚ್ಚುವ ಮೊದಲು ಕುಡಿದವರು ಹೋಗಿ, ಕೈ ಹಿಡಿದು, ಹಾಲು ಮಾಫು ಮಾಡು ಎಂದು ಕೇಳಬೇಕು; ಅವರು ಮಾಡಿದೆ ಎನ್ನಬೇಕು. ಗಟ್ಟಿಮುಟ್ಟಾಗಿ ಇರುವವರ ಮುಂದೆ ಈ ಮಾತು ತೆಗೆಯುವಂತಿಲ್ಲ. ತೆಗೆದರೆ ಬೇಗ ಹೋಗು ಎಂದ ಹಾಗಾಗುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಹೋದಾಗಲೆಲ್ಲ ಅಮ್ಮಿ ರೊಟ್ಟಿ ತಿಂದು, ಅಕ್ಕನ ತಲೆಗೆ ಎಣ್ಣೆ ಹಚ್ಚಿ, ಕೇಳಬೇಕಾದ್ದನ್ನು ಕೇಳದೆ ಬರುತ್ತಿದ್ದರು.

ನನ್ನ ಗಂಡನಿಗೆ ದೊಡ್ಡಮ್ಮನಾಗಬೇಕಾದ ಲಾಲಬಿ ಖಾಲಾ ಇದ್ದದ್ದು ದಂಡೋತಿಯ ಆಚೆ, ಮಗನ ಹೊಲದ ಮನೆಯಲ್ಲಿ. ಬೇಸಿಗೆಯಲ್ಲಿ ಟಂಟಂ ಆಟೋ ಬಾಗಿಲಿಗೇ ಹೋಗುತ್ತದೆ. ಮಳೆ ಹಿಡಿದರೆ ಆ ಅಂಟಂಟು ಎರೆ ಮಣ್ಣಿನ ದಾರಿಯಲ್ಲಿ ಟ್ರ್ಯಾಕ್ಟರೂ ಹೂತುಕೊಳ್ಳುತ್ತದೆ, ನಡೆದೇ ಹೋಗಬೇಕು. ಅಮ್ಮಿಯದೋ, ಸೊಂಟ ಮುರಿದ ಮೇಲೆ ನಡಿಗೆ ಅಂಗಳಕ್ಕೇ ಮುಗಿದಿತ್ತು. ಈ ವರ್ಷ ಮಳೆ ಶುರುವಾಗುತ್ತಲೇ ಖಾಲಾ ಹಾಸಿಗೆ ಹಿಡಿದರು.

“ವಿಡಿಯೋ ಕಾಲ್ ಹಚ್ಚಿ ಕೊಡ್ತೀನ್ರಿ ಅಮ್ಮಿ, ಅದರಾಗೇ ಕೇಳ್ರಿ,” ಎಂದೆ ನಾನು.

“ಆಕಿ ನನಗ ಫೋನಿನಾಗ ಹಾಲು ಕುಡಿಸ್ಯಾಳೇನು?” ಎಂದರು ಅಮ್ಮಿ.

ಮಂಚದ ಮೇಲೆ ಹೊತ್ತು ಒಯ್ಯುತ್ತೇವೆ ಎಂದ ನೆಂಟರಿಗೂ ಜೀವ ಇರುವಾಗಲೇ ನನ್ನ ಜನಾಜಾ ಎತ್ತಬೇಡಿ ಎಂದು ಗದರಿದರು. ಆಗ ನನ್ನ ಗಂಡ ಗಾಡಿಗೆ ಕೈ ಹಾಕಿದರು.

ಗುಡ್ಡ ಹತ್ತುವ ಎಟಿವಿ ಎಂಬ ನಾಲ್ಕು ಚಕ್ರದ ಗಾಡಿಯನ್ನು ಇವರು ಫೋನಿನಲ್ಲಿ ನೋಡಿದ್ದರಂತೆ. ಆಟೋದ ಇಂಜಿನ್, ಗೇರು, ಹಿಂದಿನ ಎಕ್ಸೆಲ್ ಹಾಗೇ ಇಟ್ಟುಕೊಂಡರು. ಮುಂದಿನ ಚಕ್ರಗಳು, ಸ್ಟಿಯರಿಂಗ್ ವಾಡಿಯ ಗುಜರಿಯಲ್ಲಿ ಬಿದ್ದಿದ್ದ ಕಾರಿನವು. ಹಿಂದಕ್ಕೆ ಪವರ್ ಟಿಲ್ಲರಿನ ಹಲ್ಲಿನ ಟೈರು. ಅಮ್ಮಿ ಕೂರಲು ಬಸ್ಸಿನ ಸೀಟು. ದಿನಾ ಒಂದೊಂದು ರಗಳೆ: ಒಂದು ದಿನ ಕ್ಲಚ್ಚಿನ ಕೇಬಲ್ ಹರಿಯಿತು, ಇನ್ನೊಂದು ದಿನ ಸೈಲೆನ್ಸರ್ ಕಳಚಿ ನನ್ನ ಹಸಿರು ಬಕೆಟಿನ ಮೇಲೇ ಬಿತ್ತು. ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ಕೊನೆಗೆ ಎಣ್ಣೆ ಡ್ರಮ್ಮಿನ ತಗಡು ಕತ್ತರಿಸಿ, ಅಮ್ಮಿಯ ಸೀರೆಗೆ ಕೆಸರು ಸಿಡಿಯಬಾರದೆಂದು ನಾಲ್ಕೂ ಚಕ್ರಕ್ಕೆ ಮಡ್‌ಗಾರ್ಡ್ ಮಾಡಿದರು. ಟೈರಿಗೆ ಅಂಟಿದಂತೆ, ಅಲುಗಾಡದಂತೆ ಗಟ್ಟಿ ವೆಲ್ಡಿಂಗ್.

ಹಳೆಯ ಖಣಿಯ ಹತ್ತಿರ ಫರಸಿ ಕಲ್ಲಿನ ಚೂರುಗಳ ದಿಬ್ಬದ ಮೇಲೆ ಓಡಿಸಿ ನೋಡಿದಾಗ ಗಾಡಿ ಆಡಿನ ಹಾಗೆ ಹತ್ತಿ ಇಳಿಯಿತು. ಓಣಿಯವರೆಲ್ಲ ಶಹಬ್ಬಾಸ್ ಎಂದರು, ನಾನೂ ಎಂದೆ. ನಾವು ಕಲ್ಲಿನ ಊರಿನವರು. ನಮ್ಮಲ್ಲಿ ಮಳೆ ಬಿದ್ದರೆ ನೀರು ಹಾಸುಗಲ್ಲಿನ ಮೇಲೆ ಹರಿದು ಹೋಗುತ್ತದೆ, ಅಷ್ಟೇ.

ಒಂದು ಬೆಳಿಗ್ಗೆ ಖಾಲಾ ಅವರ ಸೊಸೆ ತೌಹೀದ ಫೋನು ಮಾಡಿದಳು. “ನೀರೂ ಇಳೀವಲ್ದು. ಸರ್ವರ ಬಂದ್ಳೇನು, ಸರ್ವರ ಬಂದ್ಳೇನು ಅಂತ ಕೇಳಾಕತ್ತಾರ. ಲಗೂನ ಬರ್ರಿ.”

ಗಾಡಿಯನ್ನು ಟೆಂಪೋಗೆ ಹೇರಿ, ಚಿತ್ತಾಪುರ ದಾಟಿ, ದಂಡೋತಿಯಲ್ಲಿ ಇಳಿಸಿಕೊಂಡೆವು. ಅಮ್ಮಿಯನ್ನು ಸೀಟಿನಲ್ಲಿ ಕೂರಿಸಿ, ನಾನು ಪಕ್ಕದಲ್ಲಿ ಹಿಡಿದುಕೊಂಡು ಕೂತೆ. ತೊಗರಿ ಹೊಲಗಳ ನಡುವೆ ಗಾಡಿ ಸ್ವಲ್ಪ ದೂರ ಚೆನ್ನಾಗಿಯೇ ಹೋಯಿತು. ಅಮ್ಮಿ ತುಟಿ ಅಲುಗಿಸುತ್ತಿದ್ದರು, ಅಕ್ಕನಿಗೆ ಹೇಳಬೇಕಾದ ಮಾತನ್ನು ಕಲಿಯುತ್ತಿದ್ದರೋ ಏನೋ. ಆಮೇಲೆ ಇಂಜಿನ್ ಒದರತೊಡಗಿತು. ಚಕ್ರಗಳು ತಿರುಗುವುದನ್ನೇ ಬಿಟ್ಟವು. ಇಳಿದು ನೋಡಿದರೆ ಟೈರಿಗೂ ತಗಡಿಗೂ ನಡುವೆ ಎರೆ ಮಣ್ಣು ಹುಲ್ಲಿನ ಸಮೇತ ಗಚ್ಚು ತುಂಬಿದ ಹಾಗೆ ಬಿಗಿದಿತ್ತು. ಕಡ್ಡಿಯಿಂದ ಕೆದರಿ ತೆಗೆದೆವು. ನಾಲ್ಕು ಮಾರು ಹೋಗುವುದರೊಳಗೆ ಮತ್ತೆ ತುಂಬಿತು. ಮತ್ತೆ ಕೆದರಿದೆವು. ಮತ್ತೆ ತುಂಬಿತು.

ಬದುವಿನ ಮೇಲೆ ಬರುತ್ತಿದ್ದ ಭಾಗಣ್ಣ ಎಂಬ ರೈತರು ನಿಂತು ನೋಡಿದರು. “ಎರಿ ನೆಲಕ್ಕ ಮಡಗಾರ್ಡ್ ಹಾಕ್ಕೊಂಡು ಯಾರರ ಬರ್ತಾರೇನು ಭಾಯಿ? ಮಳಿ ಬಂತಂದ್ರ ನಾವು ಸೈಕಲ್ ಮೋಟಾರಿಂದೂ ಬಿಚ್ಚಿ ಇಡ್ತೀವಿ. ಬೋಲ್ಟಿಗೆ ಪಾನಾ ಹಚ್ಚಿ ಬಿಚ್ರಿ.”

“ಬೋಲ್ಟ್ ಇಲ್ರಿ,” ಎಂದರು ಇವರು. “ವೆಲ್ಡಿಂಗ್ ಮಾಡೀನಿ.”

ಆ ಮಾತು ಹೇಳುವಾಗ ಇವರ ಮುಖ ನೋಡಲು ನನ್ನಿಂದಾಗಲಿಲ್ಲ. ಭಾಗಣ್ಣ ಪಾಪ, ಹೊಲದ ಗುಡಿಸಲಿನಿಂದ ಹಾರೆ, ಕೊಡಲಿ ತಂದರು. ಇಬ್ಬರೂ ಸೇರಿ ತಗಡನ್ನು ಕಡಿದರು, ಬಗ್ಗಿಸಿದರು, ಹರಿದರು. ಇವರ ಕೈ ಕೊಯ್ದು ರಕ್ತ ಸುರಿಯುತ್ತಿತ್ತು. ನನ್ನ ಗಂಡನ ವೆಲ್ಡಿಂಗ್ ಎಂದೂ ಬಿಟ್ಟುಕೊಂಡದ್ದಿಲ್ಲ. ಆ ದಿನವೊಂದು ಬಿಟ್ಟುಕೊಳ್ಳಬಾರದಿತ್ತೇ? ಅಮ್ಮಿ ಸೀಟಿನಲ್ಲಿ ಕೂತು ಅಕ್ಕನ ಮನೆಯ ದಿಕ್ಕನ್ನೇ ನೋಡುತ್ತಿದ್ದರು. ಮನೆಯ ಬೇವಿನ ಮರ ಅಲ್ಲಿಂದಲೇ ಕಾಣುತ್ತಿತ್ತು.

ನಾಲ್ಕನೆಯ ತಗಡು ಕಿತ್ತ ಮೇಲೆ ಗಾಡಿ ಸರಾಗ ಹೋಯಿತು. ಎಲ್ಲಿಯೂ ನಿಲ್ಲಲಿಲ್ಲ. ಬಾಗಿಲಲ್ಲಿ ತೌಹೀದ ನಮ್ಮನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಖಾಲಾ ಆಗಷ್ಟೇ ಹೋಗಿದ್ದರು. ಕೈ ಇನ್ನೂ ತಣ್ಣಗಾಗಿರಲಿಲ್ಲ.

ಅಮ್ಮಿ ಅಕ್ಕನ ಆ ಕೈ ಹಿಡಿದುಕೊಂಡರು. ಆಮೇಲೆ ಕೇಳಿದರು: “ಹೋಗೋ ಮೊದಲ ಆಪಾ ಏನರ ಅಂದ್ಳೇನವಾ? ಹಾಲು ಮಾಫು ಮಾಡೀನಿ ಅಂತ ಅಂದ್ಳೇನು?”

“ನಿಮ್ಮ ಹೆಸರು ತಗೊಂಡ್ರು ಚಿಕ್ಕಮ್ಮ. ಅಷ್ಟ,” ಎಂದಳು ತೌಹೀದ.

ಹೂಂ ಎಂದು ಒಂದು ಸುಳ್ಳು ಹೇಳಬಹುದಿತ್ತು ಎಂದು ನನಗೆ ಅವಳ ಮೇಲೆ ಸಿಟ್ಟು ಉಕ್ಕಿತು. ಆದರೆ ಸತ್ತವರ ಬಾಯಿಗೆ ಇಲ್ಲದ ಮಾತು ಹಾಕುವ ಧೈರ್ಯ ಯಾರಿಗೆ ಬರುತ್ತದೆ? ನನಗೂ ಬರುತ್ತಿರಲಿಲ್ಲ.

ಸಂಜೆ ಮಣ್ಣು ಮಾಡಿ ಬಂದ ಇವರು ಒಳಗೆ ಬರಲೇ ಇಲ್ಲ, ಹೊರಗೆ ಗಾಡಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಅಮ್ಮಿ ನನ್ನನ್ನು ಕಳಿಸಿ ಕರೆಸಿದರು.

“ಹತ್ರ ಬಾ. ಕೈ ಕೊಡು.”

“ಕೈ ಹೊಲಸಾಗ್ಯಾವ ಅಮ್ಮಿ.”

“ಕೊಡು ಅಂದ್ರ ಕೊಡು.” ಬಟ್ಟೆ ಸುತ್ತಿದ್ದ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. “ನನ್ನ ಹಾಲು ನಿನಗ ಮಾಫು ಮಾಡೀನಿ.” ನನ್ನ ಕಡೆ ತಿರುಗಿದರು. “ಜಬೀನಾ, ನೀ ಸಾಕ್ಷಿ.”

ಇವರು ಬೆಚ್ಚಿಬಿದ್ದರು. “ಅಮ್ಮಿ, ಬ್ಯಾಡ. ಇಂಥ ಮಾತು ಈಗ್ಯಾಕ? ನೀವು ಗಟ್ಟಿ ಅದೀರಿ.”

“ಆಪಾನೂ ಬ್ಯಾಸಗ್ಯಾಗ ಗಟ್ಟೇ ಇದ್ಳು.”

ಇವರು ಅಮ್ಮಿಯ ಮಡಿಲಲ್ಲಿ ಮುಖ ಇಟ್ಟು ಬಿಕ್ಕಿ ಬಿಕ್ಕಿ ಅತ್ತರು. ನನ್ನ ಗಂಡ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮಿ ಅಳಲಿಲ್ಲ. ಮಗನ ತಲೆ ಸವರುತ್ತ ಹೇಳಿದರು: “ನನಗ ಮಾಡೀನಿ ಅನ್ನಾಕ ಇನ್ನ ಯಾರೂ ಉಳಿದಿಲ್ಲಪಾ. ನಿನಗ ಹಂಗ ಆಗಬಾರದು.”