ಪಂಪಿನ ಓಣಿ

ಕ್ವೆಡ್ಲಿನ್‌ಬರ್ಗ್ ಸ್ಟೇಷನ್ನಿನಿಂದ ಹೊರಬಂದು ರಸ್ತೆ ದಾಟುವಲ್ಲಿ, ಸಿಗ್ನಲ್ ದೀಪದೊಳಗಿನ ಕೆಂಪು ಮನುಷ್ಯ ಹ್ಯಾಟು ಹಾಕಿಕೊಂಡು ಎರಡೂ ಕೈ ಚಾಚಿ ನಿಂತಿದ್ದ. ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಜುಲೈ ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ಫುಟ್‌ಪಾತಿನಿಂದ ಒಂದು ಕಾಲು ಕೆಳಗಿಟ್ಟೆ.

"ಏ ಹೈಡ್ರುನ್! ಕಣ್ಣಿಲ್ವೇನೇ? ಕೆಂಪು!" ರೋಸ್ವಿತಾ ನನ್ನ ತೋಳು ಹಿಡಿದೆಳೆದಳು.

"ಗಾಡಿ ಎಲ್ಲಿದೆ, ತೋರ್ಸು."

"ಗಾಡಿ ಇಲ್ದಿದ್ರೇನು? ಯಾವ್ದಾದ್ರೂ ಮಗು ಕಿಟಕೀಲಿ ನೋಡ್ತಿದ್ರೆ? ಅಜ್ಜಿ ದಾಟಿದ್ಲು ಅಂತ ನಾಳೆ ಅದೂ ಓಡತ್ತೆ."

"ನಿಂತ್ಕೊಳೇ ಮಾರಾಯ್ತಿ," ಎಂದಳು ಡೀಟ್ಲಿಂಡೆ, ಊಟದ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸುತ್ತ. "ಹಸಿರಾಗೋಷ್ಟ್ರಲ್ಲಿ ನಾವು ಸತ್ರೆ ಒಳ್ಳೇದೇ ಆಯ್ತು. ಹುಟ್ಟಿದೂರಲ್ಲೇ ಮಣ್ಣು."

ಮೂವರೂ ಈ ಊರಿನವರೇ. ಒಂದೇ ಶೆಡ್ಡಿನಲ್ಲಿ ಹೂವಿನ ಬೀಜ ಆರಿಸುತ್ತ ಯೌವನ ಕಳೆದವರು. ಪೂರ್ವ, ಪಶ್ಚಿಮ ಎಂದು ಎರಡಾಗಿದ್ದ ದೇಶ ಒಂದಾದ ಮೇಲೆ ಶೆಡ್ಡು ಮುಚ್ಚಿತು. ಕೆಲಸ ಹುಡುಕಿಕೊಂಡು ಹಾಲೆ ನಗರಕ್ಕೆ ಹೋದೆವು. ಪ್ರತಿ ಬೇಸಿಗೆಯಲ್ಲಿ ಒಂದು ದಿನ ರೈಲು ಹತ್ತಿ ಬಂದು, ನಮ್ಮದೇ ಊರನ್ನು ಪ್ರವಾಸಿಗರ ಹಾಗೆ ಕಾಲ್ನಡಿಗೆಯಲ್ಲಿ ಸುತ್ತಿ ಹೋಗುತ್ತೇವೆ.

ಈ ಸಲದ ಸುತ್ತಾಟ ಬೇರೆ. ಮುಂದಿನ ವಾರ ರೋಸ್ವಿತಾಳ ಮಂಡಿಗೆ ಶಸ್ತ್ರಚಿಕಿತ್ಸೆ. ಆಮೇಲೆ ನಡೆಯುತ್ತಾಳೋ ಇಲ್ಲವೋ ಎಂದರೆ ಡಾಕ್ಟರು ಭುಜ ಹಾರಿಸಿದ್ದರು. "ನನಗೆ ಬೇರೇನೂ ಬೇಡ ಕಣ್ರೇ," ಎಂದು ರೈಲಿನಲ್ಲೇ ಹೇಳಿದ್ದಳು. "ನಮ್ಮ ಅಂಗಳದ ಪಂಪನ್ನ ಒಂದ್ಸಲ ಕೈಯಾರೆ ಹೊಡೀಬೇಕು. ನಾನು ಹುಟ್ಟಿದಾಗ ಮೈ ತೊಳೆದಿದ್ದು ಆ ನೀರಲ್ಲಿ."

ಆ ಪಂಪು ಇದ್ದದ್ದು ಕೋಟೆಗುಡ್ಡದ ಬುಡದ ಓಣಿಯಲ್ಲಿ. ಓಣಿ ಅವಳು ಹುಟ್ಟಿದ ಮನೆಯ ಅಂಗಳವನ್ನು ಹಾದು ಆಚೆ ಬೀದಿಗೆ ಸೇರುತ್ತದೆ. ದೇಶ ಒಂದಾಗುವ ಮುಂಚಿನ ಸರ್ಕಾರ ಆ ಮರದ ಚೌಕಟ್ಟಿನ ಮನೆಗಳನ್ನು ತಾವಾಗಿಯೇ ಬೀಳಲಿ ಎಂದು ಬಿಟ್ಟಿತು. ಆಮೇಲೆ ಬಂದದ್ದು ಅವನ್ನು ಮಾರಿಕೊಂಡಿತು. ಛಾವಣಿ ಸೋರುವಾಗ ಕೆಳಗೆ ಬಕೆಟ್ ಇಟ್ಟು ಮನೆ ಉಳಿಸಿದವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಪಶ್ಚಿಮದಿಂದ ಬಂದ ಮಾಲೀಕನೊಬ್ಬ ಬಣ್ಣ ಬಳಿಸಿ ಹೋಟೆಲ್ ಮಾಡಿದ. ಎರಡು ವರ್ಷದ ಹಿಂದೆ ಓಣಿಗೆ ಕಬ್ಬಿಣದ ಗೇಟು ನಿಲ್ಲಿಸಿ ತಗಡಿನ ಬೋರ್ಡು ಹಾಕಿದ: ಖಾಸಗಿ. ಪ್ರವೇಶವಿಲ್ಲ.

ಹಿಂದಿನ ಎರಡು ಬೇಸಿಗೆಯೂ ನಾವು ಆ ಬೋರ್ಡನ್ನು ಓದಿ ಹಿಂದಿರುಗಿದ್ದೆವು. ಹೌದು, ನಾವೇ. ಎಂಬತ್ತೊಂಬತ್ತರ ಶರತ್ಕಾಲದಲ್ಲಿ ಇದೇ ಬೀದಿಗಳಲ್ಲಿ ಆ ಹಳೆಯ ಸರ್ಕಾರದ ವಿರುದ್ಧ ಮೇಣದಬತ್ತಿ ಹಿಡಿದು, ಬಂದೂಕಿನವರ ಮುಂದೆ ಹಾದುಹೋದವರು. ದೇಶವನ್ನು ಸೀಳಿದ್ದ ಗೋಡೆಯನ್ನೇ ಕೆಡವಿದ ಜನ ಅಂಗೈ ಅಗಲದ ತಗಡಿಗೆ ತಲೆಬಾಗಿ ನಿಂತಿದ್ದೆವು.

ಮಾರುಕಟ್ಟೆ ಚೌಕದಲ್ಲಿ ಬೇಯಿಸಿದ ಮೊಟ್ಟೆ, ಆಲೂಗಡ್ಡೆ ಸಲಾಡು, ಉಪ್ಪು ಸೌತೆಕಾಯಿ ತಿಂದು ಓಣಿಯತ್ತ ಹೊರಟೆವು. ಕಲ್ಲುಹಾಸಿನ ಮೇಲೆ ರೋಸ್ವಿತಾ ತಳ್ಳಿಕೊಂಡು ನಡೆಯುವ ನಾಲ್ಕು ಗಾಲಿಯ ಊರುಗೋಲು ಗಡಗಡಿಸುತ್ತಿತ್ತು. ಗೇಟಿನ ಮುಂದೆ ನಿಂತೆವು. ಬೋರ್ಡು ಅಲ್ಲೇ ಇತ್ತು. ಕಂಬಿಗಳ ಸಂದಿಯಲ್ಲಿ ಪಂಪಿನ ಹಿಡಿ ಕಾಣುತ್ತಿತ್ತು.

"ಒಳಗೆ ಹೋಗಿ ಕೇಳ್ಲಾ?" ಎಂದೆ.

"ಹೋದ್ವರ್ಷ ಕೇಳಿದ್ವಲ್ಲ, ರೂಮ್ ತಗೊಂಡೋರಿಗೆ ಮಾತ್ರ ಅಂದ್ರು," ಎಂದಳು ಡೀಟ್ಲಿಂಡೆ.

ಆಗ ಹಿಂದಿನಿಂದ ಒಂದು ಗಿಡ್ಡಕಾಲಿನ ಕಂದು ನಾಯಿ ಬಂತು. ನಮ್ಮನ್ನು ಮೂಸಿತು. ಮೂತಿಯಿಂದ ಗೇಟನ್ನು ತಳ್ಳಿತು. ಗೇಟು ಕಿರ್‍ರೆಂದು ತೆರೆದುಕೊಂಡಿತು. ನಾಯಿ ಬಾಲ ಎತ್ತಿಕೊಂಡು ಒಳಗೆ ಹೋಯಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬೀಗ ಇರಲಿಲ್ಲ. ಚಿಲಕವೂ ಇರಲಿಲ್ಲ. ಎರಡು ಬೇಸಿಗೆಯಲ್ಲಿ ನಮ್ಮಲ್ಲಿ ಒಬ್ಬಳೂ ಅದನ್ನು ಮುಟ್ಟಿ ನೋಡಿರಲಿಲ್ಲ.

"ಅಯ್ಯೋ ನಮ್ ಬುದ್ಧಿಗೆ!" ಡೀಟ್ಲಿಂಡೆ ಹಣೆ ಬಡಿದುಕೊಂಡಳು. "ನಾಯಿಗೆ ಓದಕ್ ಬರಲ್ಲ ನೋಡು, ಬಚಾವಾಯ್ತು."

ರೋಸ್ವಿತಾ ನಗಲಿಲ್ಲ. ಗಾಲಿಗಳನ್ನು ಗೇಟಿಗೆ ಒತ್ತಿ ನೂಕಿದಳು. ಒಳಗೆ ನಡೆದಳು. ಹಿಂದೆ ನಾವು.

ಅಂಗಳದಲ್ಲಿ ಬಿಳಿ ಕೊಡೆಗಳ ಕೆಳಗೆ ಅತಿಥಿಗಳು ಕೇಕು ತಿನ್ನುತ್ತಿದ್ದರು. ಪಂಪಿನ ಮೂತಿಗೆ ಹೂಕುಂಡ ನೇತುಹಾಕಿದ್ದರು. ಇಸ್ತ್ರಿ ಮಾಡಿದ ಅಂಗಿಯ ಮ್ಯಾನೇಜರು ಓಡಿಬಂದ.

"ಮೇಡಂ, ಮೇಡಂ, ಬೋರ್ಡು ಓದ್ಲಿಲ್ವಾ?"

"ಎರಡು ವರ್ಷ ಓದಿದ್ವಪ್ಪಾ," ಎಂದಳು ಡೀಟ್ಲಿಂಡೆ. "ಬಾಯಿಪಾಠ ಆಗಿದೆ, ಒಪ್ಪಿಸ್ಲಾ?"

"ಇದು ಖಾಸಗಿ ಜಾಗ. ಪೊಲೀಸ್ ಕರೀಬೇಕಾಗತ್ತೆ."

"ಕರೀರಿ," ಎಂದಳು ರೋಸ್ವಿತಾ. ಅವಳ ದನಿ ಏರಿರಲಿಲ್ಲ. "ಅವರು ಬರೋ ತನಕ ನನಗೊಂದು ಹೇಳಿ. ನಿಮ್ಮ ಜಾಗ ಅಂದ್ರೆ ಬೀಗ ಯಾಕಿಲ್ಲ?"

ಅವನು ಅತಿಥಿಗಳತ್ತ ನೋಡಿದ. ಚಮಚಗಳ ಸದ್ದು ನಿಂತಿತ್ತು.

"ಹಾಕಿ ಬೀಗ. ನಾನು ಹೊರಗೆ ನಿಂತ್ಕೋತೀನಿ. ನನ್ನೆದುರಿಗೇ ಹಾಕಿ."

"ಹಾಕೋ ಹಾಗಿಲ್ಲ ಮೇಡಂ," ಎಂದ ಅವನು, ತಗ್ಗಿದ ದನಿಯಲ್ಲಿ. "ಊರಿನ ದಾರಿ ಅಂತ ನಗರಸಭೆಯವರು ಬಿಡ್ಲಿಲ್ಲ. ಬರೀ ಬೋರ್ಡ್ ಸಾಕು, ಇಲ್ಲಿನ ಜನ ಮೀರಲ್ಲ ಅಂದ್ರು ನಮ್ಮ ಮಾಲೀಕರು."

ನನ್ನ ಮೈ ಉರಿದುಹೋಯಿತು. ಆ ಮಾಲೀಕ ಲೆಕ್ಕ ಹಾಕಿದ್ದು ನಮ್ಮ ಸಭ್ಯತೆಯನ್ನು! ಕೆಂಪು ದೀಪಕ್ಕೆ ನಿಲ್ಲುವ ನಮ್ಮ ಕಾಲುಗಳನ್ನೇ ಅವನು ಬೀಗ ಮಾಡಿಕೊಂಡಿದ್ದ. ಕಬ್ಬಿಣದ ಖರ್ಚೂ ಇಲ್ಲದ ಬೀಗ.

ರೋಸ್ವಿತಾ ಹೂಕುಂಡವನ್ನು ಜೋಪಾನವಾಗಿ ಎತ್ತಿ ಮ್ಯಾನೇಜರನ ಕೈಗೆ ಕೊಟ್ಟಳು. "ಹಿಡ್ಕೊಳಪ್ಪಾ, ಒಡೀಬೇಡ." ಎರಡೂ ಕೈಯಲ್ಲಿ ಪಂಪಿನ ಹಿಡಿ ಹಿಡಿದಳು. ಒಂದು, ಎರಡು... ಒಣ ಕೀರಲು ಸದ್ದು.

"ಬರಲ್ಲ ಮೇಡಂ, ಅದು ಬರೀ ಅಲಂಕಾರಕ್ಕೆ."

"ಅದಕ್ಕೆ ಬಾಯಾರಿದೆ," ಎಂದಳು. "ಮೊದ್ಲು ಕುಡಿಸ್ಬೇಕು. ಡೀಟ್ಲಿಂಡೆ, ಏನಿದೆ ಬುಟ್ಟೀಲಿ?"

ಪಂಪಿನ ತಲೆಯೊಳಗೆ ನೀರಿನ ಬಾಟಲಿ ಸುರಿದದ್ದಾಯಿತು. ಸಾಲಲಿಲ್ಲ. ಫ್ಲಾಸ್ಕಿನಲ್ಲಿ ಉಳಿದ ಕಾಫಿಯನ್ನೂ ಸುರಿದೆ. ಅತಿಥಿಯೊಬ್ಬಳು ಎದ್ದು ತನ್ನ ಮೇಜಿನ ಹೂಜಿಯನ್ನೇ ತಂದು ಬಗ್ಗಿಸಿದಳು. ರೋಸ್ವಿತಾ ಹೊಡೆದಳು. ಮಂಡಿ ನಡುಗುತ್ತಿತ್ತು, ನಾನು ಅವಳ ಸೊಂಟ ಹಿಡಿದುಕೊಂಡೆ. ಮತ್ತೆ ಹೊಡೆದಳು. ನೆಲದಾಳದಿಂದ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಗೊರಗೊರ ಸದ್ದು ಬಂತು. ತುಕ್ಕು ನೀರು ಉಗುಳಿತು. ಆಮೇಲೆ ತಣ್ಣಗೆ, ತೋಳಿನ ದಪ್ಪಕ್ಕೆ, ತಿಳಿನೀರು ಧುಮುಕಿತು.

ಅವಳು ಮುಖ ಒಡ್ಡಿದಳು. ಡೀಟ್ಲಿಂಡೆ ಷೂ ಕಳಚಿ ಕಾಲೊಡ್ಡಿದಳು. ಕಂದು ನಾಯಿ ಬಂದು ನೆಕ್ಕಿತು. ಕೊಡೆಗಳ ಕೆಳಗಿನವರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಆಚೆ ಬೀದಿಯಿಂದ ಮಗುವಿನ ತಳ್ಳುಗಾಡಿಯ ತಾಯೊಬ್ಬಳು ಇಣುಕಿ, "ಇಲ್ಲಿ ಹಾಯ್ಬಹುದಾ?" ಎಂದು ಕೇಳಿದಳು.

"ಬಾಮ್ಮಾ, ಊರಿನ ದಾರಿ!" ಎಂದು ಮೂವರೂ ಒಟ್ಟಿಗೇ ಕೂಗಿದೆವು.

ಹೊರಡುವಾಗ ರೋಸ್ವಿತಾ ಗೇಟನ್ನು ಪೂರ್ತಿ ತೆರೆದು ಅಡ್ಡ ಕಲ್ಲಿಟ್ಟಳು. ಬೋರ್ಡನ್ನು ಕೀಳಲಿಲ್ಲ. ತನ್ನ ಹುಲ್ಲುಹ್ಯಾಟನ್ನು ತೆಗೆದು ಅದಕ್ಕೆ ತೊಡಿಸಿದಳು, ಅಕ್ಷರಗಳೆಲ್ಲ ಮುಚ್ಚಿಹೋದವು.

ಸ್ಟೇಷನ್ನಿನ ಮುಂದೆ ಮತ್ತೆ ಕೆಂಪು ಮನುಷ್ಯ. ರಸ್ತೆ ಖಾಲಿ.

"ಈಗ್ಲೂ ನಿಲ್ಬೇಕಾ?" ಎಂದಳು ಡೀಟ್ಲಿಂಡೆ.

"ಇದಕ್ಕೆ ನಿಲ್ಬೇಕು," ಎಂದಳು ರೋಸ್ವಿತಾ, ಒದ್ದೆ ಕೂದಲು ಹಿಂದೆ ಸರಿಸುತ್ತ. "ಇದು ಮಕ್ಕಳಿಗೋಸ್ಕರ ಇರೋದು. ಆ ಬೋರ್ಡು ಮಾಲೀಕನ ಜೇಬಿಗೋಸ್ಕರ."

ನಾನು ಕಾಲು ಕೆಳಗಿಡಲಿಲ್ಲ. ದೀಪ ಬದಲಾಯಿತು. ಹ್ಯಾಟಿನ ಹಸಿರು ಮನುಷ್ಯ ದಾಪುಗಾಲು ಹಾಕಿದ. ನಾವೂ ರಸ್ತೆಯ ನಟ್ಟನಡುವೆ ಗಾಲಿ ಗಡಗಡಿಸಿಕೊಂಡು ದಾಟಿದೆವು.